ಫೋಟೋಶಾಪ್, ಲೈಟ್‌ರೂಮ್ ಫೈಲುಗಳು ಕ್ಲೌಡ್‌ಗೆ ಹೋಗದೆ ನಮ್ಮ ಕಂಪ್ಯೂಟರಿನಲ್ಲೇ ಇರಬೇಕೆಂದರೆ

ಪ್ರಶ್ನೆ: ಸಾಗರದ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ಗೃಹಪ್ರವೇಶದ ಫೋಟೋ ತೆಗೆದು ಆಲ್ಬಮ್ ಡಿಸೈನ್ ಕೂಡ ನಾನೇ ಮಾಡುತ್ತೇನೆ. ವಿಂಡೋಸ್ 11 ಇರುವ ಡೆಸ್ಕ್‌ಟಾಪ್ ಇದೆ. ಫೋಟೋಶಾಪ್‌ನಲ್ಲಿ ಸೇವ್ ಮಾಡಿದ ಕೆಲವು ಶೀಟುಗಳು ಯಾವ ಫೋಲ್ಡರಿನಲ್ಲೂ ಸಿಗುತ್ತಿಲ್ಲ, ಕ್ಲೌಡ್‌ನಲ್ಲಿವೆಯಂತೆ. ಲೈಟ್‌ರೂಮ್ ಕ್ಲಾಸಿಕ್ ಆಗಾಗ ಕ್ಯಾಟಲಾಗ್ ತೆರೆಯಲಾಗುತ್ತಿಲ್ಲ ಎನ್ನುತ್ತದೆ. ಒನ್‌ಡ್ರೈವ್ ತುಂಬಿದೆ ಎಂಬ ಎಚ್ಚರಿಕೆ ದಿನವೂ ಬರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ನಂಬುವ ಹಾಗಿಲ್ಲ. ಎಲ್ಲವನ್ನೂ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವುದು ಹೇಗೆ? ಡಿ ಡ್ರೈವ್‌ನಲ್ಲಿ ಬ್ಯಾಕಪ್ ಇಟ್ಟಿದ್ದೇನೆ, ಅಷ್ಟು ಸಾಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಸಾಲದು. ಯಾಕೆಂದು ಮುಂದೆ ಹೇಳುತ್ತೇವೆ. ನಿಮ್ಮ ಉಳಿದ ತೊಂದರೆಗಳು ಒಂದೇ ರೋಗದ ಲಕ್ಷಣಗಳಂತೆ ಕಂಡರೂ ಇಲ್ಲಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕ್ಲೌಡ್‌ಗಳು. ಫೋಟೋಶಾಪ್ ಶೀಟುಗಳನ್ನು ಒಯ್ದಿರುವುದು, ಫೋಟೋಶಾಪ್ ಮತ್ತು ಲೈಟ್‌ರೂಮ್ ತಯಾರಿಸುವ ಅಡೋಬಿ ಕಂಪನಿಯ ಕ್ಲೌಡ್. ಲೈಟ್‌ರೂಮ್ ಕ್ಯಾಟಲಾಗನ್ನು (ಫೋಟೋಗಳ ಪಟ್ಟಿ, ತಿದ್ದುಪಡಿಗಳ ದಾಖಲೆ ಇರುವ ಫೈಲನ್ನು) ಹಿಡಿದೆಳೆಯುತ್ತಿರುವುದು, ಬಹುತೇಕ ಖಚಿತವಾಗಿ, ಮೈಕ್ರೋಸಾಫ್ಟಿನ ಒನ್‌ಡ್ರೈವ್. ಒಂದನ್ನು ನಿಲ್ಲಿಸಿದರೆ ಇನ್ನೊಂದು ನಿಲ್ಲುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಬಿಡಿಸಬೇಕು.

ಕಂಪ್ಯೂಟರಿನಲ್ಲೇ ಇಡಬೇಕೆಂಬ ನಿಮ್ಮ ನಿರ್ಧಾರ ಸರಿಯಾದದ್ದೇ, ಲೆಕ್ಕವೂ ಅದನ್ನೇ ಹೇಳುತ್ತದೆ. ಎರಡು ಕ್ಯಾಮೆರಾದಲ್ಲಿ ತೆಗೆದ ಮದುವೆಯೊಂದಕ್ಕೆ 2500 ರಾ ಫೈಲು (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಫೈಲು), ಒಂದೊಂದು 30 ಎಂಬಿ ಎಂದಿಟ್ಟುಕೊಂಡರೆ 75 ಜಿಬಿ. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಸಿಕ್ಕರೂ, ಒಮ್ಮೆಯೂ ಕಡಿಯದೆ ಸಿಕ್ಕರೂ, ಅಷ್ಟು ಕಳಿಸಲು ಎಂಟು ಗಂಟೆಗಿಂತ ಹೆಚ್ಚು ಬೇಕು. ಅದೇ 75 ಜಿಬಿಯನ್ನು ಯುಎಸ್‌ಬಿ 3 ಪೋರ್ಟಿಗೆ ಹಾಕಿದ ಸಾಧಾರಣ ಪೋರ್ಟಬಲ್ ಹಾರ್ಡ್‌ಡಿಸ್ಕಿಗೆ ನಕಲು ಮಾಡಲು ಹನ್ನೆರಡು ನಿಮಿಷದ ಆಸುಪಾಸು. ಒನ್‌ಡ್ರೈವ್ ಉಚಿತವಾಗಿ ಕೊಡುವುದು 5 ಜಿಬಿ, ಗೂಗಲ್ 15 ಜಿಬಿ. ಮುಹೂರ್ತದ ಫೋಟೋ ಮುಗಿಯುವುದರೊಳಗೇ ಎರಡೂ ತುಂಬುತ್ತವೆ.

ಮೊದಲು ಫೋಟೋಶಾಪ್. ಹೊಸ ಫೈಲನ್ನು ಮೊದಲ ಸಲ ಸೇವ್ ಮಾಡುವಾಗ ಅದು ಎರಡು ಆಯ್ಕೆ ಮುಂದಿಡುತ್ತದೆ: ಒಂದು ಕ್ಲೌಡ್, ಇನ್ನೊಂದು 'ಆನ್ ಯುವರ್ ಕಂಪ್ಯೂಟರ್'. ಅವಸರದಲ್ಲಿ ಮೊದಲಿನದನ್ನು ಒತ್ತಿದರೆ ಫೈಲು ಫೋಟೋಶಾಪಿನ ಮಾಮೂಲಿ ರೂಪವಾದ ಪಿಎಸ್‌ಡಿ ಆಗಿ ಉಳಿಯದೆ ಪಿಎಸ್‌ಡಿಸಿ ಎಂಬ ಕ್ಲೌಡ್ ರೂಪಕ್ಕೆ ಹೋಗುತ್ತದೆ. ಫೋಲ್ಡರುಗಳಲ್ಲಿ ಎಷ್ಟು ಹುಡುಕಿದರೂ ಸಿಗದಿರುವುದು ಇದಕ್ಕೇ. ಇನ್ನು ಮುಂದೆ ಹೀಗಾಗದಿರಲು ಎಡಿಟ್ ಮೆನುವಿನಲ್ಲಿ ಪ್ರಿಫರೆನ್ಸಸ್, ಅದರೊಳಗೆ ಫೈಲ್ ಹ್ಯಾಂಡ್ಲಿಂಗ್ ತೆರೆಯಿರಿ. ಡಿಫಾಲ್ಟ್ ಫೈಲ್ ಲೊಕೇಶನ್ ಎಂಬಲ್ಲಿ 'ಆನ್ ಯುವರ್ ಕಂಪ್ಯೂಟರ್' ಆರಿಸಿ.

ಅದೇ ಪುಟದಲ್ಲಿ ಇನ್ನೆರಡನ್ನು ನೋಡಿಬಿಡಿ. ರಿಕವರಿ ಮಾಹಿತಿಯನ್ನು ತಾನಾಗಿ ಉಳಿಸುವ ಅವಧಿ ಸಾಮಾನ್ಯವಾಗಿ 10 ನಿಮಿಷ ಇರುತ್ತದೆ, ಕರೆಂಟು ಹೋಗುವ ಊರಿನಲ್ಲಿ 5 ನಿಮಿಷಕ್ಕೆ ಇಳಿಸಿ. 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಎಂಬುದನ್ನು 'ಆಲ್ವೇಸ್' ಮಾಡಿ. ಫೈಲು ಸ್ವಲ್ಪ ದೊಡ್ಡದಾಗುತ್ತದೆ ನಿಜ. ಆದರೆ ಅದಿಲ್ಲದ ಪಿಎಸ್‌ಡಿಯನ್ನು ಲೈಟ್‌ರೂಮ್ ತೆಗೆದುಕೊಳ್ಳುವುದಿಲ್ಲ.

ಈಗಾಗಲೇ ಮೇಲೆ ಹೋಗಿರುವ ಶೀಟುಗಳನ್ನು ಇಳಿಸಲು ಫೋಟೋಶಾಪಿನ ಹೋಮ್ ತೆರೆಯಲ್ಲಿ ಕ್ಲೌಡ್ ಫೈಲುಗಳ ಪಟ್ಟಿಗೆ ಹೋಗಿ ಒಂದೊಂದನ್ನೇ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ ಒತ್ತಿದರೆ ಸೇವ್ ಆ್ಯಸ್ ಬರುತ್ತದೆ. ಅಲ್ಲಿ 'ಆನ್ ಯುವರ್ ಕಂಪ್ಯೂಟರ್' ಒತ್ತಿ ಆಯಾ ಮದುವೆಯ ಫೋಲ್ಡರಿಗೆ ಪಿಎಸ್‌ಡಿಯಾಗಿ ಉಳಿಸಿ. ಬೇಸರದ ಕೆಲಸ, ಆದರೂ ಒಂದೊಂದನ್ನೂ ಕಣ್ಣಾರೆ ನೋಡಿ ಇಳಿಸಿದಂತಾಗುತ್ತದೆ. ಕ್ಲೌಡಿನಲ್ಲಿರುವ ಪ್ರತಿಯನ್ನು ಈಗಲೇ ಅಳಿಸಬೇಡಿ.

ಗಾತ್ರದ ಬಗ್ಗೆ ಒಂದು ಮಾತು. 12×36 ಇಂಚಿನ ಕರಿಜ್ಮಾ ಆಲ್ಬಮ್ ಶೀಟು 300 ಡಿಪಿಐಯಲ್ಲಿ 3600×10800 ಪಿಕ್ಸೆಲ್. 8 ಬಿಟ್ ಆರ್‌ಜಿಬಿಯಲ್ಲಿ ಇಡೀ ಶೀಟನ್ನು ತುಂಬುವ ಒಂದೊಂದು ಲೇಯರಿಗೂ ಸುಮಾರು 117 ಎಂಬಿ, 16 ಬಿಟ್ ಆದರೆ ಅದರ ಎರಡರಷ್ಟು. ಸೇವ್ ಆಗುವಾಗ ಒತ್ತಿ ಸಣ್ಣದಾಗುತ್ತದೆ, ಆದರೆ ಹಿನ್ನೆಲೆ, ಮಾಸ್ಕ್, ಹತ್ತು ಫೋಟೋ, ಹೂವಿನ ಅಲಂಕಾರ ಎಲ್ಲ ಸೇರಿದರೆ ಶೀಟೊಂದು ಅರ್ಧ ಜಿಬಿ ದಾಟುವುದು ಮಾಮೂಲು. ಪಿಎಸ್‌ಡಿಯ ಮಿತಿ 2 ಜಿಬಿ. ಅದನ್ನು ಮೀರಿದಾಗ ಸೇವ್ ಆಗುವುದಿಲ್ಲ ಎಂದು ಗಾಬರಿಯಾಗಬೇಡಿ, ಸೇವ್ ಆ್ಯಸ್‌ನಲ್ಲಿ ಪಿಎಸ್‌ಬಿ ಎಂಬ ದೊಡ್ಡ ಫೈಲಿನ ರೂಪ ಆರಿಸಿದರೆ ಮುಗಿಯಿತು.

ಆಲ್ಬಮ್ ಮಾಡುವವರು ಮರೆಯುವ ಇನ್ನೊಂದು ಸಂಗತಿ ಇದೆ. 'ಪ್ಲೇಸ್ ಲಿಂಕ್ಡ್' ಮಾಡಿ ತಂದ ಫೋಟೋ ಪಿಎಸ್‌ಡಿಯ ಒಳಗೆ ಇರುವುದಿಲ್ಲ, ಮೂಲ ಫೈಲಿನ ವಿಳಾಸ ಮಾತ್ರ ಇರುತ್ತದೆ. ಫೋಲ್ಡರ್ ಜಾಗ ಬದಲಿಸಿದ ದಿನ ಆ ಕೊಂಡಿ ಕಳಚುತ್ತದೆ. ಫೈಲ್ ಮೆನುವಿನ 'ಪ್ಯಾಕೇಜ್' ಒತ್ತಿದರೆ ಪಿಎಸ್‌ಡಿಯೂ ಅದಕ್ಕೆ ಸೇರಿದ ಎಲ್ಲ ಫೋಟೋಗಳೂ ಒಂದೇ ಫೋಲ್ಡರಿಗೆ ಬರುತ್ತವೆ. ಫಾಂಟ್ ಮಾತ್ರ ಬರುವುದಿಲ್ಲ. ವಧೂವರರ ಹೆಸರನ್ನು ನುಡಿಯಲ್ಲೋ ಶ್ರೀಲಿಪಿಯಲ್ಲೋ ಬರೆದಿದ್ದರೆ ಆ ಫಾಂಟ್ ಫೈಲಿನ ಪ್ರತಿಯನ್ನೂ ಅಲ್ಲೇ ಹಾಕಿಡಿ. ಇಲ್ಲದಿದ್ದರೆ ಮೂರು ವರ್ಷದ ಮೇಲೆ, ಹೊಸ ಕಂಪ್ಯೂಟರಿನಲ್ಲಿ ತೆರೆದಾಗ, 'ಚಿ॥ರಾ॥' ಇದ್ದ ಜಾಗದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳು ಯೂನಿಕೋಡ್ ಅಲ್ಲ, ಅಕ್ಷರದ ಗುರುತೆಲ್ಲ ಆ ಫಾಂಟಿನೊಳಗೇ ಇರುತ್ತದೆ.

ಇನ್ನು ಲೈಟ್‌ರೂಮ್. ಇಲ್ಲಿ ಹೆಸರಿನ ಗೊಂದಲವೇ ದೊಡ್ಡದು. ಬರೀ 'ಲೈಟ್‌ರೂಮ್' ಎಂಬುದು ಕ್ಲೌಡ್ ನಂಬಿ ಹುಟ್ಟಿದ ತಂತ್ರಾಂಶ, ಅದಕ್ಕೆ ಸೇರಿಸಿದ ಮೂಲ ಫೋಟೋಗಳೇ ಮೇಲೆ ಹೋಗುತ್ತವೆ. 2023ರ ಅಕ್ಟೋಬರಿನಿಂದ ಅದರಲ್ಲೂ 'ಲೋಕಲ್' ಎಂಬ ವಿಭಾಗ ಬಂದಿದೆ, ಆ ಮೂಲಕ ತೆರೆದರೆ ಫೋಟೋ ಇದ್ದಲ್ಲೇ ಇರುತ್ತದೆ. ನೀವು ಬಳಸುತ್ತಿರುವ 'ಲೈಟ್‌ರೂಮ್ ಕ್ಲಾಸಿಕ್' ಮೊದಲಿನಿಂದಲೂ ಫೋಟೋಗಳನ್ನು ನಿಮ್ಮ ಡಿಸ್ಕಿನಲ್ಲೇ ಬಿಡುತ್ತದೆ. ಮೊಬೈಲಿನಲ್ಲಿ ನೋಡಲೆಂದು ಯಾವುದಾದರೂ ಕಲೆಕ್ಷನ್ ಸಿಂಕ್ ಮಾಡಿದರೂ ಕ್ಲಾಸಿಕ್ ಕಳಿಸುವುದು ಉದ್ದದ ಬದಿ 2560 ಪಿಕ್ಸೆಲ್ ಇರುವ ಸ್ಮಾರ್ಟ್ ಪ್ರಿವ್ಯೂ ಎಂಬ ಸಣ್ಣ ಪ್ರತಿ ಮಾತ್ರ. ಹಾಗಾಗಿ ಸಿಂಕ್ ಮಾಡಿದ್ದೇನೆ, ಮೂಲ ಫೋಟೋ ಅಡೋಬಿಯಲ್ಲಿ ಸುರಕ್ಷಿತವಾಗಿದೆ ಎಂದು ಯಾರಾದರೂ ನಂಬಿದ್ದರೆ ಆ ನಂಬಿಕೆ ಬಿಡಲಿ.

ಹಾಗಾದರೆ ನಿಮ್ಮ ಕ್ಯಾಟಲಾಗ್ ತೆರೆಯದಿರುವುದೇಕೆ? ಕ್ಲಾಸಿಕ್ ಹಾಕಿಕೊಂಡಾಗ ಕ್ಯಾಟಲಾಗ್ ತಾನಾಗಿ ಪಿಕ್ಚರ್ಸ್ ಫೋಲ್ಡರಿನೊಳಗೆ ಕೂರುತ್ತದೆ. ವಿಂಡೋಸ್ 11 ಸಿದ್ಧಪಡಿಸುವಾಗ ಎಲ್ಲದಕ್ಕೂ 'ನೆಕ್ಸ್ಟ್' ಒತ್ತಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಒನ್‌ಡ್ರೈವ್ ಒಳಗೆ ಸೇರಿರುತ್ತವೆ. ಕ್ಯಾಟಲಾಗ್ ಎಂದರೆ ಎಸ್‌ಕ್ಯೂಲೈಟ್ ಡೇಟಾಬೇಸ್. ಕೆಲಸ ನಡೆಯುವಷ್ಟು ಹೊತ್ತೂ ಅದರಲ್ಲಿ ಬರೆಯುವುದು, ತಿದ್ದುವುದು ನಡೆದೇ ಇರುತ್ತದೆ. ಅದೇ ಹೊತ್ತಿಗೆ ಒನ್‌ಡ್ರೈವ್ ಆ ಫೈಲನ್ನು ಅರ್ಧಂಬರ್ಧ ಎತ್ತಿ ಕಳಿಸಲು ನೋಡುತ್ತದೆ. ಇಬ್ಬರ ಎಳೆದಾಟದಲ್ಲಿ ಫೈಲು ಲಾಕ್ ಆಗುತ್ತದೆ, ಕೆಲವೊಮ್ಮೆ ಕೆಟ್ಟೇ ಹೋಗುತ್ತದೆ.

ಬಿಡಿಸುವ ಕ್ರಮ ಹೀಗೆ, ಹಿಂದುಮುಂದು ಮಾಡಬೇಡಿ. ಲೈಟ್‌ರೂಮ್ ಮುಚ್ಚಿ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಒನ್‌ಡ್ರೈವಿನ ಪಿಕ್ಚರ್ಸ್ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಆರಿಸಿ. ಫೈಲಿನ ಪಕ್ಕದಲ್ಲಿ ನೀಲಿ ಮೋಡದ ಗುರುತಿದ್ದರೆ ಆ ಫೈಲು ನಿಮ್ಮ ಡಿಸ್ಕಿನಲ್ಲಿಲ್ಲ, ಬರೀ ಹೆಸರಿದೆ ಎಂದರ್ಥ. ಮೋಡವೆಲ್ಲ ಹೋಗುವವರೆಗೆ ಕಾಯಿರಿ, ರಾತ್ರಿಯಿಡೀ ಬೇಕಾದರೂ ಸರಿ. ನಂತರ ಗಡಿಯಾರದ ಪಕ್ಕದ ಒನ್‌ಡ್ರೈವ್ ಗುರುತು, ಸೆಟ್ಟಿಂಗ್ಸ್, 'ಸಿಂಕ್ ಆ್ಯಂಡ್ ಬ್ಯಾಕಪ್', 'ಮ್ಯಾನೇಜ್ ಬ್ಯಾಕಪ್'. ಅಲ್ಲಿ ಮೂರೂ ಫೋಲ್ಡರುಗಳ ಸ್ವಿಚ್ ಆಫ್ ಮಾಡಿ.

ಇಲ್ಲಿ ಬಹಳ ಜನ ಎದೆ ಒಡೆದುಕೊಳ್ಳುತ್ತಾರೆ. ಸ್ವಿಚ್ ಆಫ್ ಮಾಡಿದ ಮೇಲೆ ಪಿಕ್ಚರ್ಸ್ ಖಾಲಿ ಕಾಣಬಹುದು. ಏನೂ ಅಳಿದಿಲ್ಲ, ಫೈಲುಗಳು ಒನ್‌ಡ್ರೈವ್ ಎಂಬ ಫೋಲ್ಡರಿನ ಒಳಗಿನ ಪಿಕ್ಚರ್ಸ್‌ನಲ್ಲೇ ಉಳಿದಿರುತ್ತವೆ. ಅಲ್ಲಿಂದ ಹೊರಗೆ ನಕಲು ಮಾಡಿಕೊಳ್ಳಿ. 'ಕಟ್' ಬೇಡ, 'ಕಾಪಿ' ಮಾತ್ರ. ಒನ್‌ಡ್ರೈವ್ ಫೋಲ್ಡರಿನಲ್ಲಿ ಅಳಿಸಿದ್ದು ಕ್ಲೌಡಿನಲ್ಲೂ ಅಳಿಯುತ್ತದೆ, ಅದೇ ಖಾತೆಯ ಇನ್ನೊಂದು ಲ್ಯಾಪ್‌ಟಾಪಿನಲ್ಲೂ ಅಳಿಯುತ್ತದೆ.

ಕ್ಯಾಟಲಾಗಿಗಾಗಿ ಒನ್‌ಡ್ರೈವಿನ ಹೊರಗೆ ಹೊಸ ಫೋಲ್ಡರ್ ಮಾಡಿ, ಹಳೆಯ ಲೈಟ್‌ರೂಮ್ ಫೋಲ್ಡರನ್ನು ಇಡಿಯಾಗಿ ಅಲ್ಲಿಗೆ ನಕಲಿಸಿ. ಬರೀ ಎಲ್‌ಆರ್‌ಕ್ಯಾಟ್ ಎಂಬ ಕ್ಯಾಟಲಾಗ್ ಫೈಲನ್ನು ಎತ್ತಿಕೊಂಡು ಹೋಗುವುದು ತಪ್ಪು. 2021ರ ಆವೃತ್ತಿಯಿಂದ ಅದರ ಜೊತೆಗೆ 'ಎಲ್‌ಆರ್‌ಕ್ಯಾಟ್-ಡೇಟಾ' ಎಂಬ ಸಂಗಾತಿಯೂ ಇದೆ, ಮಾಸ್ಕುಗಳ ಮಾಹಿತಿ ಅದರಲ್ಲಿ ಇರುತ್ತದೆ. ಲೈಟ್‌ರೂಮ್ ಮುಚ್ಚಿದ ಮೇಲೂ 'ಲಾಕ್' ಎಂದು ಕೊನೆಯಾಗುವ ಫೈಲು ಉಳಿದಿದ್ದರೆ ಅದನ್ನು ಅಳಿಸಬಹುದು. 'ವಾಲ್' ಅಥವಾ 'ಜರ್ನಲ್' ಎಂದಿರುವುದನ್ನು ಮಾತ್ರ ಮುಟ್ಟಬೇಡಿ, ಕ್ಯಾಟಲಾಗಿಗೆ ಇನ್ನೂ ಸೇರದ ನಿಮ್ಮ ಕೊನೆಯ ತಿದ್ದುಪಡಿಗಳು ಅದರಲ್ಲಿರಬಹುದು. ಹೊಸ ಜಾಗದ ಎಲ್‌ಆರ್‌ಕ್ಯಾಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದು, ಪ್ರಿಫರೆನ್ಸಸ್‌ನ ಜನರಲ್ ಪುಟದಲ್ಲಿ ಅದನ್ನೇ ಡಿಫಾಲ್ಟ್ ಕ್ಯಾಟಲಾಗ್ ಮಾಡಿ. ಹಳೆಯ ಫೋಲ್ಡರಿಗೆ 'ಹಳೆಯದು' ಎಂದು ಹೆಸರಿಡಿ. ಇಲ್ಲದಿದ್ದರೆ ಒಂದು ದಿನ ಗೊತ್ತಿಲ್ಲದೆ ಅದನ್ನೇ ತೆರೆದು ಅರ್ಧ ಮದುವೆ ಅಲ್ಲಿ, ಅರ್ಧ ಇಲ್ಲಿ ತಿದ್ದಿರುತ್ತೀರಿ.

ಫೋಟೋಗಳ ಜಾಗವೂ ಬದಲಾದ್ದರಿಂದ ಲೈಟ್‌ರೂಮಿನಲ್ಲಿ ಫೋಲ್ಡರುಗಳ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಒಂದೊಂದೇ ಫೋಲ್ಡರನ್ನು ಸರಿಪಡಿಸುತ್ತ ಕೂರಬೇಡಿ. ಎಲ್ಲಕ್ಕಿಂತ ಮೇಲಿನ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಮೂಲಕ ಹೊಸ ಜಾಗ ತೋರಿಸಿದರೆ ಒಳಗಿನವೆಲ್ಲ ತಾವಾಗಿ ಸರಿಹೋಗುತ್ತವೆ. ಮೇಲಿನ ಫೋಲ್ಡರ್ ಕಾಣದಿದ್ದರೆ ರೈಟ್ ಕ್ಲಿಕ್ಕಿನಲ್ಲೇ 'ಶೋ ಪೇರೆಂಟ್ ಫೋಲ್ಡರ್' ಇದೆ. ಮುಂದೆ ಫೋಟೋ ಸರಿಸುವುದಿದ್ದರೆ ಲೈಟ್‌ರೂಮಿನ ಫೋಲ್ಡರ್ ಪಟ್ಟಿಯಲ್ಲೇ ಎಳೆದು ಸರಿಸಿ. ಪೋರ್ಟಬಲ್ ಡಿಸ್ಕಿನಲ್ಲಿರುವ ಫೋಟೋಗಳಿಗೂ ಈ ಚಿಹ್ನೆ ಬರುವುದುಂಟು, ಕಾರಣ ವಿಂಡೋಸ್ ಒಂದು ದಿನ ಅದನ್ನು ಇ ಎಂದೂ ಇನ್ನೊಂದು ದಿನ ಎಫ್ ಎಂದೂ ಕರೆಯುವುದು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದಕ್ಕೆ ಪಿ ಅಥವಾ ಆರ್‌ನಂಥ, ಬೇರೆ ಯಾರೂ ಕೇಳದ ಅಕ್ಷರ ಕೊಟ್ಟುಬಿಡಿ.

ತಿದ್ದುಪಡಿಗಳ ಎರಡನೇ ಪ್ರತಿ ಬೇಕೆಂದರೆ ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾ ಪುಟದಲ್ಲಿ ಬದಲಾವಣೆಗಳನ್ನು ಎಕ್ಸ್‌ಎಂಪಿಗೆ ತಾನಾಗಿ ಬರೆಯುವ ಆಯ್ಕೆ ಇದೆ, ಅದನ್ನು ಹಾಕಿ. ಪ್ರತಿ ರಾ ಫೈಲಿನ ಪಕ್ಕದಲ್ಲಿ ಅದೇ ಹೆಸರಿನ ಸಣ್ಣ ಎಕ್ಸ್‌ಎಂಪಿ ಹುಟ್ಟುತ್ತದೆ. ಬಣ್ಣ, ಬೆಳಕು, ಕ್ರಾಪ್, ಸ್ಟಾರ್, ಕೀವರ್ಡ್ ಅದರಲ್ಲಿರುತ್ತವೆ. ಕಲೆಕ್ಷನ್, ವರ್ಚುವಲ್ ಕಾಪಿ, ಹಿಸ್ಟರಿ ಇರುವುದಿಲ್ಲ. ಕ್ಯಾಟಲಾಗ್ ಪೂರ್ತಿ ಕೆಟ್ಟ ದಿನ ಈ ಪುಟ್ಟ ಫೈಲುಗಳು ತಿಂಗಳುಗಳ ಕೆಲಸ ಉಳಿಸುತ್ತವೆ. ರಾ ಫೈಲನ್ನು ಎಲ್ಲಿಗೆ ನಕಲಿಸಿದರೂ ಅದನ್ನೂ ಜೊತೆಗೆ ಒಯ್ಯಿರಿ.

ಈಗ ಡಿ ಡ್ರೈವ್ ವಿಷಯ. ನಮ್ಮಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವವರು ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಹಂಚುವುದು ವಾಡಿಕೆ. ನೋಡಲು ಮೂರು, ಒಳಗಿರುವುದು ಒಂದೇ. ಅದು ಸತ್ತರೆ ಮೂರೂ ಒಟ್ಟಿಗೆ ಹೋಗುತ್ತವೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟ ನೋಡಿ. 'ಡಿಸ್ಕ್ 0' ಎಂಬುದರ ಪಕ್ಕದಲ್ಲೇ ಸಿ, ಡಿ ಎರಡೂ ಬರೆದಿದ್ದರೆ ನಿಮ್ಮ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಒಂದೇ ಬೀರುವಿನ ಮೇಲಿನ ಖಾನೆಯಿಂದ ಕೆಳಗಿನ ಖಾನೆಗೆ ಇಟ್ಟಿದ್ದೀರಿ, ಅಷ್ಟೇ.

ಲೈಟ್‌ರೂಮ್ ಮುಚ್ಚುವಾಗ ಕೇಳುವ ಬ್ಯಾಕಪ್ ಬಗ್ಗೆಯೂ ಇದೇ ಭ್ರಮೆ ಇದೆ. ಅದು ಕ್ಯಾಟಲಾಗನ್ನು ಮಾತ್ರ ಉಳಿಸುತ್ತದೆ, ಒಂದೇ ಒಂದು ಫೋಟೋವನ್ನೂ ಅಲ್ಲ. ಅದೂ ಕ್ಯಾಟಲಾಗಿನ ಪಕ್ಕದಲ್ಲೇ, ಅದೇ ಡಿಸ್ಕಿನಲ್ಲಿ. ಜಾಗ ಬದಲಿಸುವ ಗುಂಡಿ ಪ್ರಿಫರೆನ್ಸಸ್‌ನಲ್ಲಿ ಇಲ್ಲ, ಮುಚ್ಚುವಾಗ ಬರುವ ಆ ಪೆಟ್ಟಿಗೆಯಲ್ಲೇ ಇದೆ. ಅಲ್ಲಿ ಬೇರೆ ಡಿಸ್ಕನ್ನು ತೋರಿಸಿ. ಹಳೆಯ ಬ್ಯಾಕಪ್ಪುಗಳು ತಾವಾಗಿ ಹೋಗುವುದಿಲ್ಲ, ಕೊನೆಯ ನಾಲ್ಕೈದನ್ನು ಬಿಟ್ಟು ಉಳಿದವನ್ನು ಆಗಾಗ ನೀವೇ ಅಳಿಸಬೇಕು.

ನಿಮ್ಮ ಗಾತ್ರದ ಸ್ಟುಡಿಯೋಗೆ ನಾವು ಹೇಳುವ ಏರ್ಪಾಡು ಇದು. ವಿಂಡೋಸ್, ಕ್ಯಾಟಲಾಗ್, ಈಗ ಕೈಯಲ್ಲಿರುವ ಮೂರ್ನಾಲ್ಕು ಮದುವೆ, ಇಷ್ಟು ಒಳಗಿನ ಎಸ್‌ಎಸ್‌ಡಿಯಲ್ಲಿ, 1 ಟಿಬಿ ಇದ್ದರೆ ಸಾಕು. ಐದರಲ್ಲಿ ಒಂದು ಪಾಲು ಸದಾ ಖಾಲಿ ಇರಲಿ. ಫೋಟೋಶಾಪಿನ ಸ್ಕ್ರ್ಯಾಚ್, ಅಂದರೆ ಕೆಲಸದ ನಡುವೆ ಅದು ತಾತ್ಕಾಲಿಕವಾಗಿ ಬಳಸುವ ಫೈಲು, ಅಲ್ಲೇ ಓಡುತ್ತದೆ, ಜಾಗ ಸಾಲದಿದ್ದರೆ 'ಸ್ಕ್ರ್ಯಾಚ್ ಡಿಸ್ಕ್ಸ್ ಆರ್ ಫುಲ್' ಎಂದು ತಕರಾರು ತೆಗೆಯುತ್ತದೆ. ಅದೇ ಕಾರಣಕ್ಕೆ ಫೋಟೋಶಾಪ್ ತೆರೆಯದೇ ಹೋದರೆ ಕಂಟ್ರೋಲ್ ಮತ್ತು ಆಲ್ಟ್ ಒತ್ತಿ ಹಿಡಿದು ಶುರುಮಾಡಿ, ಬೇರೆ ಡಿಸ್ಕ್ ಆರಿಸಲು ಬಿಡುತ್ತದೆ. ಫೋಟೋಶಾಪ್ ನಡುವೆ ಸತ್ತಾಗ ಉಳಿದ 'ಫೋಟೋಶಾಪ್ ಟೆಂಪ್' ಫೈಲುಗಳು ಹತ್ತಾರು ಜಿಬಿ ತಿಂದು ಕುಳಿತಿರುವುದೂ ಉಂಟು. ಫೋಟೋಶಾಪ್ ಮುಚ್ಚಿದ್ದಾಗ ವಿಂಡೋಸಿನ ಟೆಂಪ್ ಫೋಲ್ಡರಿನಲ್ಲಿ ಅವನ್ನು ಹುಡುಕಿ ಅಳಿಸಿ.

ಮುಗಿದ ಕೆಲಸಕ್ಕೆ ಒಂದೇ ಅಳತೆಯ ಎರಡು ಹಾರ್ಡ್‌ಡಿಸ್ಕ್ ಬೇಕು. ರಾ 75, ಶೀಟುಗಳು 25, ಜೆಪೆಗ್ 10, ಹೀಗೆ ಮದುವೆಗೆ 110 ಜಿಬಿ ಹಿಡಿದರೆ ವರ್ಷಕ್ಕೆ ಮೂವತ್ತು ಮದುವೆಗೆ 3.3 ಟಿಬಿ. 4 ಟಿಬಿಯ ಜೋಡಿ ಒಂದು ವರ್ಷಕ್ಕೆ ಆಯಿತು. ಆಲ್ಬಮ್ ಕೊಟ್ಟು ಮೂರು ತಿಂಗಳಾದ ಮೇಲೆ ಕಣ್ಣು ಮುಚ್ಚಿದ, ಮಸುಕಾದ, ಒಂದೇ ಥರದ ಹತ್ತಾರು ರಾ ಫೈಲುಗಳನ್ನು ತೆಗೆದರೆ ಅರ್ಧ ಜಾಗ ವಾಪಸ್ ಸಿಗುತ್ತದೆ. ಇದಕ್ಕೆ ಎಸ್‌ಎಸ್‌ಡಿ ಕೊಳ್ಳಬೇಡಿ. ದುಡ್ಡೂ ಹೆಚ್ಚು, ಕರೆಂಟು ಕಾಣದೆ ವರ್ಷಗಟ್ಟಲೆ ಡ್ರಾಯರಿನಲ್ಲಿ ಮಲಗಿಸಿದರೆ ಅದರೊಳಗಿನ ಚಾರ್ಜ್ ಸೋರಿ ದತ್ತಾಂಶ ಕೆಡಬಹುದು. ಹಾರ್ಡ್‌ಡಿಸ್ಕನ್ನು ವಿಂಡೋಸಿನ ಎನ್‌ಟಿಎಫ್‌ಎಸ್ ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿ. ಡಿಸೈನರ್ ಬಳಿ ಮ್ಯಾಕ್ ಇದ್ದು ಡಿಸ್ಕ್ ಅಲ್ಲಿಗೂ ಹೋಗಬೇಕೆಂದರೆ ಎಕ್ಸ್‌ಫ್ಯಾಟ್ ಅನಿವಾರ್ಯ, ಆದರೆ ಬರೆಯುತ್ತಿರುವಾಗ ಕೇಬಲ್ ಕಿತ್ತರೆ ಅದು ಎನ್‌ಟಿಎಫ್‌ಎಸ್‌ಗಿಂತ ಬೇಗ ಕೆಡುತ್ತದೆ. 'ಇಜೆಕ್ಟ್' ಮಾಡದೆ ಎಳೆಯುವ ಅಭ್ಯಾಸ ಬಿಡಿ.

ನಕಲಿಗೆ ಫ್ರೀಫೈಲ್‌ಸಿಂಕ್ ಎಂಬ ತಂತ್ರಾಂಶ ಚೆನ್ನಾಗಿದೆ. ಅದರಲ್ಲಿ 'ಮಿರರ್' ಆರಿಸುವ ಮುನ್ನ ಒಂದು ವಿಷಯ ತಿಳಿದಿರಲಿ: ಎಡಗಡೆ ಅಳಿದದ್ದನ್ನು ಅದು ಬಲಗಡೆಯೂ ಅಳಿಸುತ್ತದೆ. ಅಳಿಸುವ ಫೈಲುಗಳನ್ನು ಬೇರೆ ಫೋಲ್ಡರಿಗೆ ಸರಿಸುವ 'ವರ್ಷನಿಂಗ್' ಹಾಕಿದರೆ ಬೆರಳು ಜಾರಿದರೂ ಚಿಂತೆಯಿಲ್ಲ. ತಿಂಗಳಿಗೊಮ್ಮೆ ಹೋಲಿಕೆಯನ್ನು 'ಫೈಲ್ ಕಂಟೆಂಟ್' ಎಂಬುದಕ್ಕೆ ಬದಲಿಸಿ ಓಡಿಸಿ. ನಿಧಾನ, ರಾತ್ರಿ ಬಿಟ್ಟು ಮಲಗಿ. ಹೆಸರು, ಗಾತ್ರ ಒಂದೇ ಇದ್ದು ಒಳಗೆ ಕೆಟ್ಟಿರುವ ಫೈಲು ಸಿಕ್ಕಿಬೀಳುವುದು ಹಾಗೆ ಓಡಿಸಿದಾಗಲೇ.

ಎರಡರಲ್ಲಿ ಒಂದು ಡಿಸ್ಕು ಸ್ಟುಡಿಯೋದಲ್ಲಿ ಇರಬಾರದು. ಮನೆಯಲ್ಲೋ ಅಕ್ಕನ ಮನೆಯಲ್ಲೋ ಇರಲಿ, ವಾರಕ್ಕೊಮ್ಮೆ ತಂದು ನಕಲಿಸಿ ವಾಪಸ್ ಒಯ್ಯಿರಿ. ಸ್ಟುಡಿಯೋದ ಡಿಸ್ಕನ್ನೂ ಕೆಲಸ ಮುಗಿದ ಮೇಲೆ ಕಳಚಿಡಿ. ಸದಾ ಸಿಕ್ಕಿಸಿದ್ದರೆ ರ್‍ಯಾನ್ಸಮ್‌ವೇರ್ ಬಂದ ದಿನ ಅದರ ಫೈಲುಗಳಿಗೂ ಬೀಗ ಬೀಳುತ್ತದೆ, ಸಿಡಿಲು ಬಡಿದ ದಿನ ಕಂಪ್ಯೂಟರಿನ ಜೊತೆ ಅದೂ ಹೋಗುತ್ತದೆ. ಮಲೆನಾಡಿನ ತೇವಕ್ಕೆ ನೀವು ಲೆನ್ಸನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೀರಲ್ಲ, ಡಿಸ್ಕನ್ನೂ ಹಾಗೆಯೇ ಇಡಿ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಮೊದಲು ಅದನ್ನು ತನ್ನಿ. 600 ವಿಎಯದ್ದು ಸಾಕು. ಅದು ಕೆಲಸ ಮುಂದುವರಿಸಲು ಅಲ್ಲ, ಸೇವ್ ಮಾಡಿ ಲೈಟ್‌ರೂಮ್ ಮುಚ್ಚಿ ಆಫ್ ಮಾಡುವ ಐದು ನಿಮಿಷಕ್ಕೆ. ಗ್ರಾಫಿಕ್ಸ್ ಕಾರ್ಡ್ ದೊಡ್ಡದಿದ್ದರೆ 1000 ವಿಎ ನೋಡಿ.

ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ: ವರ್ಷ, ತಿಂಗಳು, ದಿನ, ಆಮೇಲೆ ಊರು, ಆಮೇಲೆ ಮನೆತನ. ಕನ್ನಡದಲ್ಲಿ ಇಟ್ಟರೆ ವಿಂಡೋಸಿಗೇನೂ ತೊಂದರೆಯಿಲ್ಲ, ಪ್ರಿಂಟಿಂಗ್ ಲ್ಯಾಬಿನ ಹಳೆಯ ತಂತ್ರಾಂಶಕ್ಕೆ ಅದು ಬರೀ ಚೌಕಗಳಾಗಿ ಕಾಣಬಹುದು. ಫೋಲ್ಡರಿನೊಳಗೆ ಫೋಲ್ಡರ್ ಎಂದು ಏಳೆಂಟು ಮಟ್ಟ ಇಳಿಯಬೇಡಿ, ಪೂರ್ತಿ ವಿಳಾಸ 260 ಅಕ್ಷರ ದಾಟಿದರೆ ಎಷ್ಟೋ ತಂತ್ರಾಂಶಗಳು ಫೈಲನ್ನು ತೆರೆಯಲು ನಿರಾಕರಿಸುತ್ತವೆ. ಕ್ಯಾಮೆರಾ ಕಾರ್ಡನ್ನು ಎರಡು ಬೇರೆ ಡಿಸ್ಕುಗಳಿಗೆ ಇಳಿಸಿ, ಎರಡರಲ್ಲೂ ಕೊನೆಯ ಫೈಲು ತೆರೆದು ನೋಡಿದ ಮೇಲೆಯೇ ಫಾರ್ಮ್ಯಾಟ್ ಮಾಡಿ.

ಕ್ಲೌಡ್ ಪೂರ್ತಿ ಬಿಡಬೇಕೆಂದೇನಿಲ್ಲ. ಆಯ್ದು ತಿದ್ದಿದ ಜೆಪೆಗ್ ಗ್ಯಾಲರಿಯನ್ನು ಮದುಮಕ್ಕಳಿಗೆ ತೋರಿಸಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಕ್ಯಾಟಲಾಗಿನ ಜಿಪ್ ಬ್ಯಾಕಪ್ಪನ್ನು, ಅಂದರೆ ಲೈಟ್‌ರೂಮ್ ಮುಚ್ಚಿದ ಮೇಲೆ ತಯಾರಾದ ಪ್ರತಿಯನ್ನು, ಅಲ್ಲಿಗೆ ಹಾಕಿದರೂ ಒಳ್ಳೆಯದೇ. ತೆರೆದು ಕೆಲಸ ಮಾಡುವ ಕ್ಯಾಟಲಾಗ್ ಮತ್ತು ಪಿಎಸ್‌ಡಿ ಮಾತ್ರ ಅಲ್ಲಿ ಬೇಡ.

ಚಂದಾ ನಿಲ್ಲಿಸಿದರೆ ಏನಾಗುತ್ತದೆ ಎಂದು ನೀವು ಕೇಳಿಲ್ಲ, ಆದರೂ ತಿಳಿದಿರಲಿ. ಲೈಟ್‌ರೂಮ್ ಕ್ಲಾಸಿಕ್ ಆಮೇಲೂ ತೆರೆಯುತ್ತದೆ, ಫೋಟೋ ಹುಡುಕಬಹುದು, ಮಾಡಿದ ತಿದ್ದುಪಡಿಯೊಂದಿಗೆ ಎಕ್ಸ್‌ಪೋರ್ಟ್ ಮಾಡಬಹುದು. ಡೆವಲಪ್ ಮತ್ತು ಮ್ಯಾಪ್ ವಿಭಾಗಗಳು ಮಾತ್ರ ಮುಚ್ಚಿಕೊಳ್ಳುತ್ತವೆ. ಫೋಟೋಶಾಪ್ ತೆರೆಯುವುದೇ ಇಲ್ಲ. ಹಾಗಾಗಿ ಲ್ಯಾಬಿಗೆ ಕಳಿಸಿದ ಪ್ರತಿ ಶೀಟಿನ ಅಂತಿಮ ಜೆಪೆಗ್ ಪಿಎಸ್‌ಡಿಯ ಪಕ್ಕದಲ್ಲೇ ಇರಲಿ.

ಇಷ್ಟೆಲ್ಲ ಆದ ಮೇಲೆ ಒಂದು ತಿಂಗಳು ಹೊಸ ಜಾಗದಿಂದಲೇ ಕೆಲಸ ಮಾಡಿ. ಇಳಿಸಿಕೊಂಡ ಪಿಎಸ್‌ಡಿಗಳಲ್ಲಿ ನಾಲ್ಕೈದನ್ನು ನೆಟ್ ಕೇಬಲ್ ತೆಗೆದು ತೆರೆದು ನೋಡಿ, ಲೈಟ್‌ರೂಮಿನಲ್ಲಿ ಹಳೆಯ ಮದುವೆಯೊಂದನ್ನು ಎಕ್ಸ್‌ಪೋರ್ಟ್ ಮಾಡಿ ನೋಡಿ. ಎಲ್ಲ ಸರಿಯಿದ್ದರೆ ಅಡೋಬಿ ಕ್ಲೌಡಿನ ಶೀಟುಗಳನ್ನೂ ಒನ್‌ಡ್ರೈವಿನ ಹಳೆಯ ಪಿಕ್ಚರ್ಸನ್ನೂ ಅಳಿಸಿ. ಒನ್‌ಡ್ರೈವಿನ ರಿಸೈಕಲ್ ಬಿನ್ ಖಾಲಿ ಮಾಡಿದ ಮೇಲೆಯೇ ಆ ದಿನನಿತ್ಯದ ಎಚ್ಚರಿಕೆ ನಿಲ್ಲುತ್ತದೆ.